ಹುಸ್ನಿಯಾನ ಉಸಿರಾಡುವ ಪ್ಯಾಂಟು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಸಾಸಿವೆ ಕಾಳಿನಷ್ಟು ಒಂದು ತೂತು. ಟೈಲರ್ ಹುಸ್ನಿಯಾನ ಹಳೆಯ ರಬ್ಬರ್ ಹೊಳೆಪ್ಯಾಂಟಿನ ಬಲಮಂಡಿಯ ಹಿಂದೆ ಅದು ಯಾವಾಗ ಬಿದ್ದಿತ್ತೋ ಏನೋ, ಶುಕ್ರವಾರ ಸಾಯಂಕಾಲ ಅವನು ಸಾನಾ ನದಿಯಿಂದ ಮೇಲೆ ಬಂದಾಗ ಬಲಗಾಲಿನೊಳಗೆ ಅರ್ಧ ನದಿಯೇ ಇತ್ತು. ನೀರು ಚೆಲ್ಲುವಾಗ ಒಳಗಿನಿಂದ ಎರಡು ಮರಿಮೀನೂ ಬಿದ್ದವೆಂದು ಅವನ ಗೆಳೆಯ ರಾಗಿಬ್ ಊರೆಲ್ಲ ಹೇಳಿಕೊಂಡು ಬಂದ. ಅದು ಶುದ್ಧ ಸುಳ್ಳು. ಸಾಸಿವೆಯಷ್ಟು ತೂತಿನಲ್ಲಿ ಮೀನು ತೂರುವುದು ಹೇಗೆ ಎಂದು ಒಬ್ಬರಾದರೂ ಕೇಳಬೇಕಿತ್ತು. ನಮ್ಮ ಊರಿನಲ್ಲಿ ಒಳ್ಳೆಯ ಸುದ್ದಿಗೆ ಅಂಥ ಪ್ರಶ್ನೆ ಕೇಳುವ ಪದ್ಧತಿಯಿಲ್ಲ.

ಹೊಳೆಪ್ಯಾಂಟು ಅಂದರೆ ಪಾದದಿಂದ ಎದೆಯವರೆಗೆ ಒಂದೇ ತುಂಡಾಗಿ ಬರುವ, ಹೆಗಲ ಮೇಲೆ ಎರಡು ಪಟ್ಟಿ ಹಾಕಿ ತೂಗಿಕೊಳ್ಳುವ, ನೀರು ಒಳಗೆ ಬಿಡದ ಉಡುಪು. ಬೋಸ್ನಿಯಾದ ಚಳಿಗಾಲದಲ್ಲಿ ಹೊಳೆಯ ನಡುವೆ ನಿಂತು ಗಾಳ ಹಾಕುವವರಿಗೆ ಅದಿಲ್ಲದೆ ಗತಿಯಿಲ್ಲ. ಬೇರೆ ದಿನವಾಗಿದ್ದರೆ ಹುಸ್ನಿಯಾ ತೇಪೆ ಹಚ್ಚಿ, ಅದು ಒಣಗಲಿ ಎಂದು ಎರಡು ದಿನ ಕಾಯುತ್ತಿದ್ದ. ಆದರೆ ಮರುದಿನ, ಶನಿವಾರ, ಮ್ಲಾದಿತ್ಸಾ ಹಿಡಿಯುವ ಋತುವಿನ ಕೊನೆಯ ದಿನ. ಮ್ಲಾದಿತ್ಸಾ ನಮ್ಮ ಹೊಳೆಯ ಹುಲಿ. ಚಳಿ ಕಚ್ಚುವಾಗ ಮಾತ್ರ ಬಾಯಿ ತೆರೆಯುವ ಮೀನು. ಅದನ್ನು ಹಿಡಿದವರೂ ಅಳತೆ ತೆಗೆದು ನೀರಿಗೇ ಬಿಡಬೇಕು. ಉಳಿಯುವುದು ಹೆಸರು ಮಾತ್ರ. ಆ ಹೆಸರಿಗಾಗಿ ನಮ್ಮ ಗಂಡಸರು ಬೆಚ್ಚಗಿನ ಹಾಸಿಗೆ ಬಿಟ್ಟು ಹಿಮದಲ್ಲಿ ನಡೆಯುತ್ತಾರೆ.

ಮೀನುಗಾರರ ಸಂಘದ ಕೋಣೆಯಲ್ಲಿ ಒಂದು ಗೋಡೆಯಿದೆ. ಒಂದು ಮೀಟರಿಗಿಂತ ಉದ್ದದ ಮ್ಲಾದಿತ್ಸಾ ಹಿಡಿದವರ ಫೋಟೋಗಳಿಗೆ ಮಾತ್ರ ಅಲ್ಲಿ ಜಾಗ. ಒಂಬತ್ತು ಫೋಟೋ ಇವೆ. ಅವುಗಳ ಪಕ್ಕದಲ್ಲಿ ಹುಸ್ನಿಯಾ ಹನ್ನೊಂದು ಚಳಿಗಾಲದ ಹಿಂದೆ ತನ್ನ ಫೋಟೋಗೆಂದು ಒಂದು ಮೊಳೆ ಹೊಡೆದಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಟೈಲರಿಗೆ ಅದು ಸಹಜವೇ ಇರಬೇಕು. ಅಂದಿನಿಂದ ಆ ಮೊಳೆಗೆ ರಾಗಿಬ್ ತನ್ನ ಟೋಪಿ ನೇತುಹಾಕುತ್ತಾ ಬಂದ.

ರಾಗಿಬ್ ನಿವೃತ್ತ ಬಸ್ ಡ್ರೈವರ್. ಹುಸ್ನಿಯಾನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಅವನ ಫೋಟೋವೂ ಗೋಡೆಯ ಮೇಲಿಲ್ಲ. ತನಗೆ ಅದರ ಆಸೆಯಿಲ್ಲ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದ, ಅಷ್ಟು ಆಸೆ.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ವೆಜೀರಾ ತನ್ನ ಗಾಳದ ಸಾಮಾನಿನ ಅಂಗಡಿ ತೆರೆದಾಗ ಹುಸ್ನಿಯಾ ಬಾಗಿಲಲ್ಲೇ ಇದ್ದ. ಕೊರಳಲ್ಲಿ ಎಂದಿನಂತೆ ಅಳತೆಯ ಟೇಪು, ಕೈಯಲ್ಲೊಂದು ನೋಟ್‌ಬುಕ್ಕು. ಮೂರು ಚಳಿಗಾಲದಿಂದ ಅವನು ಉಸಿರಾಡುವ ಬಟ್ಟೆಯ ಹೊಳೆಪ್ಯಾಂಟಿನ ಬಗ್ಗೆ ಓದುತ್ತಿದ್ದ, ವಿಚಾರಿಸುತ್ತಿದ್ದ, ಬರೆದಿಟ್ಟುಕೊಳ್ಳುತ್ತಿದ್ದ. ರಾಗಿಬ್ ಅಷ್ಟು ಹೊತ್ತಿಗೇ ಒಳಗೆ ಒಲೆಯ ಪಕ್ಕ ಕೂತಿದ್ದ. ಅವನು ಯಾವ ಬಾಗಿಲಿನಿಂದ ಬಂದನೋ ವೆಜೀರಾಳಿಗೂ ಗೊತ್ತಿರಲಿಲ್ಲ.

"ಏನಪ್ಪಾ ಹುಸ್ನಿಯಾ, ನಿನ್ನೆ ಹೊಳೇನ ಪ್ಯಾಂಟಲ್ಲಿ ತುಂಬ್ಕೊಂಡು ಮನೆಗೆ ಹೋದ್ಯಂತೆ?"

"ವೆಜೀರಾ, ಒಂದು ಬಿಸಿ ಕಾಫಿ ಕೊಡಮ್ಮ," ಎಂದ ಹುಸ್ನಿಯಾ, ರಾಗಿಬ್‌ನ ಕಡೆ ನೋಡದೆ.

"ಕೂತ್ಕೊಳ್ಳಿ, ಕುಡೀರಿ."

"ಕುಡಿಯೋಕಲ್ಲ. ಪರೀಕ್ಷೆಗೆ."

ಗೋಡೆಯಲ್ಲಿ ಮೂರು ಬಗೆಯ ಹೊಳೆಪ್ಯಾಂಟು ತೂಗಿದ್ದವು. ಬೆಲೆ, ನಮ್ಮ ಬೋಸ್ನಿಯಾದ ಹಣದಲ್ಲಿ, ಒಂದಕ್ಕೆ ತೊಂಬತ್ತು ಮಾರ್ಕು, ಒಂದಕ್ಕೆ ಇನ್ನೂರ ಹತ್ತು. ಮೂರನೆಯದರ ಬೆಲೆಚೀಟಿಯನ್ನು ಗಿರಾಕಿಗಳು ಹೆದರದಿರಲೆಂದು ವೆಜೀರಾ ಬೆನ್ನು ಮಾಡಿ ತೂಗಿಸಿದ್ದಳು. ಹುಸ್ನಿಯಾ ಅಗ್ಗದ್ದರ ಬಟ್ಟೆಯನ್ನು ಹಬೆಯಾಡುವ ಕಾಫಿ ಲೋಟದ ಬಾಯಿಗೆ ಬಿಗಿಯಾಗಿ ಎಳೆದು ಹಿಡಿದ. ಕನ್ನಡಕ ತೆಗೆದು ಅದರ ಮೇಲೆ ಹಿಡಿದ. ಗಾಜು ಮಂಜಾಗಲಿಲ್ಲ. "ಇದು ಉಸಿರಾಡಲ್ಲ. ಬರೀ ಪ್ಲಾಸ್ಟಿಕ್ಕು," ಎಂದು ಪಕ್ಕಕ್ಕಿಟ್ಟ. ನಡುವಿನದನ್ನು ಹಿಡಿದ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಗಾಜಿನ ಮೇಲೆ ತೆಳ್ಳಗೆ ಮಂಜು ಕೂತಿತು. ಬಟ್ಟೆ ಬಿಡದೆ ಲೋಟವನ್ನು ತಲೆಕೆಳಗೆ ಮಾಡಿದ. ಒಂದು ತೊಟ್ಟು ಕಾಫಿಯೂ ಕೆಳಗೆ ಬೀಳಲಿಲ್ಲ. ಕೊನೆಗೆ ದುಬಾರಿಯದು. ಅದರಲ್ಲೂ ಅಷ್ಟೇ ಮಂಜು, ಕೂದಲೆಳೆಯಷ್ಟೂ ಹೆಚ್ಚಿಲ್ಲ.

ನಾನು ಆಗ ಅಂಗಡಿಯಲ್ಲೇ ಇದ್ದೆ. ಹೇಳುವುದಕ್ಕೆ ಸಂಕೋಚವೇನಿಲ್ಲ, ನನಗೆ ಅವನ ಮೇಲೆ ಗೌರವ ಉಕ್ಕಿತು. ನಾವೆಲ್ಲ ಬಣ್ಣ ನೋಡಿ, ಪಕ್ಕದವನು ಏನು ಕೊಂಡ ಎಂದು ನೋಡಿ ಕೊಳ್ಳುವವರು. ಹುಸ್ನಿಯಾ ನಡುವಿನ ಬೆಲೆಯ ಪ್ಯಾಂಟನ್ನೇ ಆರಿಸಿ, ಒಳಮೈ ಹೊರಗೆ ಮಾಡಿ, ಒಂದೊಂದು ಹೊಲಿಗೆಯ ಮೇಲೂ ಬೆರಳಾಡಿಸಿ, ನಾಡಿ ಹಿಡಿದ ವೈದ್ಯನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ.

"ಒಳತೊಡೇಲಿ ಹೊಲಿಗೆ ಇಲ್ಲ ನೋಡಿ," ಎಂದ. "ನಡೆಯೋವಾಗ ಉಜ್ಜೋದು ಅಲ್ಲೇ, ಮೊದಲು ಸೋರೋದೂ ಅಲ್ಲೇ. ಇವನು ಹೊಲಿಗೇನ ಹಿಂದಕ್ಕೆ ತಿರುಗಿಸಿದಾನೆ. ಮಂಡಿಗೆ ಎರಡು ಪದರ ಕೊಟ್ಟಿದಾನೆ. ಯಾರೋ ಏನೋ, ಅವನ ಕೈಗೆ ಮುತ್ತು ಕೊಡ್ಬೇಕು."

"ಅಲ್ಲಯ್ಯ, ಹಬೆ ಹೊರಗೆ ಹೋಗೋ ದಾರೀಲೇ ನೀರು ಒಳಗೆ ಬರಲ್ವಾ?" ಎಂದ ರಾಗಿಬ್.

"ಹಬೆ ಸಣ್ಣ, ನೀರು ದಪ್ಪ. ಜರಡಿ ನೋಡಿಲ್ವಾ ನೀನು? ರಬ್ಬರಲ್ಲಿ ಮಡುವಿನ ತನಕ ನಡೆಯೋಷ್ಟರಲ್ಲಿ ಬೆವರು. ಆ ಬೆವರು ನಿಂತಮೇಲೆ ಐಸು. ಅರ್ಧ ಗಂಟೇಲಿ ಹಲ್ಲು ಕಟಕಟ. ಮ್ಲಾದಿತ್ಸಾ ಬರೋದು ಎರಡನೇ ಗಂಟೇಲಿ."

"ಹಾಗಾದ್ರೆ ಇದು ಬೆಚ್ಚಗಿಡುತ್ತೆ ಅನ್ನು."

"ಇಡಲ್ಲ. ಬೆಚ್ಚಗಿಡೋದು ಒಳಗಿನ ಉಣ್ಣೆ. ಇದು ಉಣ್ಣೇನ ಒಣಗಿಡುತ್ತೆ. ಅದಕ್ಕೇ ಎರಡು ಸೈಜು ದೊಡ್ಡದು ಬೇಕು ವೆಜೀರಾ."

ಅವನು ಅದನ್ನು ತೊಟ್ಟು ನಿಂತಾಗ ರಾಗಿಬ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನೊಬ್ಬ ಹಿಡೀತಾನಲ್ಲೋ ಇದರೊಳಗೆ! ಬಾಡಿಗೆಗೆ ಬಿಡ್ತೀಯಾ?"

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದ ಹುಸ್ನಿಯಾ ಘನತೆಯಿಂದ. "ನಾನು ಕಾಲಿಗಿಂತ ಹಾಸಿಗೇನ ದೊಡ್ಡದು ತಗೊಂಡೆ, ಅಷ್ಟೇ."

ಹಣ ಕೊಟ್ಟು ಹೊರಡುವಾಗ ವೆಜೀರಾ ತಲೆ ಕೆರೆದುಕೊಂಡಳು. "ಕಡಿಮೆ ಬೆಲೆಯದ್ರಲ್ಲಿ ಎಲ್ಲೋ ಒಂದು ಕಡೆ ಉಳಿಸಿರ್ತಾರೆ, ಹುಸ್ನಿಯಾ. ಎಲ್ಲಿ ಅಂತ ನಂಗೂ ಗೊತ್ತಿಲ್ಲ."

"ಒಂದೊಂದು ಹೊಲಿಗೆ ನೋಡಿದೀನಿ. ಎಲ್ಲೂ ಉಳಿಸಿಲ್ಲ," ಎಂದ ಹುಸ್ನಿಯಾ.

ಹೊಲಿಗೆಯಲ್ಲಿ ಉಳಿಸಿರಲಿಲ್ಲ, ನಿಜ.

ಮನೆಯಲ್ಲಿ ಅತ್ತೆ ಶಾಹಾ ಕಾದಿದ್ದಳು. ಎಂಬತ್ತರ ಮುದುಕಿ. ಹುಸ್ನಿಯಾ ಅಂಗಡಿ ದಾಟಿ ಮನೆ ಸೇರುವ ಮೊದಲೇ ಸುದ್ದಿ ಅವಳ ಕಿವಿ ಸೇರಿತ್ತು. ನಮ್ಮವರು ಸಿಡಿಲಿಗೂ ಅಷ್ಟು ಹೆದರುವುದಿಲ್ಲ, ಮೈಗೆ ಸುಳಿಗಾಳಿ ತಾಗುವುದಕ್ಕೆ ಹೆದರುತ್ತಾರೆ. ಬೇಸಿಗೆಯಲ್ಲೂ ಬಸ್ಸಿನ ಎರಡು ಕಡೆಯ ಕಿಟಕಿ ಒಟ್ಟಿಗೆ ತೆರೆದರೆ ಜಗಳವಾಗುತ್ತದೆ. ತಲೆನೋವು, ಬೆನ್ನುನೋವು, ಸೊಸೆಯ ಸಿಡುಕು, ಎಲ್ಲಕ್ಕೂ ಕಾರಣ ಆ ಗಾಳಿ.

"ಗಾಳಿ ಆಡೋ ಪ್ಯಾಂಟು ತಗೊಂಡ್ಯಂತೆ?" ಎಂದಳು ಶಾಹಾ. "ಹೊಳೆ ಮಧ್ಯ ನಿಂತ್ಕೊಂಡು, ಫೆಬ್ರವರೀಲಿ, ಕಿಡ್ನಿಗೆ ಗಾಳಿ ಬಿಟ್ಕೊಳ್ಳೋಕಾ?"

"ಅತ್ತೆ, ಗಾಳಿ ಒಳಗೆ ಬರಲ್ಲ. ಬೆವರಿನ ಹಬೆ ಹೊರಗೆ ಹೋಗುತ್ತೆ."

"ಹೋಗೋಕೆ ದಾರಿ ಇದ್ರೆ ಬರೋಕೂ ದಾರಿ ಇರುತ್ತೆ. ನನಗೆ ಹೇಳಿಕೊಡ್ಬೇಡ. ನಿನ್ನ ಮಾವ ಹೋಗಿದ್ದು ಗಾಳಿಯಿಂದಲೇ."

ಮಾವ ಹೋಗಿದ್ದು ಟ್ರ್ಯಾಕ್ಟರಿನಿಂದ ಬಿದ್ದು. ಆಗ ಗಾಳಿಯೂ ಬೀಸುತ್ತಿದ್ದಿರಬಹುದು ಎಂದು ಹುಸ್ನಿಯಾ ತಲೆಯಾಡಿಸಿದ. ಶಾಹಾ ಪೆಟ್ಟಿಗೆಯಿಂದ ತಾನೇ ಹೆಣೆದ ಉಣ್ಣೆಯ ಒಳಚಡ್ಡಿಯೊಂದನ್ನು ತೆಗೆದಳು. ಕಣಕಾಲಿನವರೆಗೆ ಉದ್ದ, ಮೇಲೆ ಕಿಡ್ನಿ ಮುಚ್ಚುವಷ್ಟು ಅಗಲದ ಪಟ್ಟಿ. ಉಳಿದ ಉಣ್ಣೆಯಲ್ಲೆಲ್ಲ ಹೆಣೆದದ್ದರಿಂದ ಒಂದು ಕಾಲು ಕೆಂಪು, ಇನ್ನೊಂದು ಹಳದಿ, ಹಿಂಭಾಗ ಹಸಿರು.

"ಇದನ್ನ ಹಾಕ್ಕೊಂಡ್ರೆ ಹೋಗು. ಇಲ್ದಿದ್ರೆ ನನ್ನ ಹೆಣ ದಾಟ್ಕೊಂಡು ಹೋಗು."

ಹುಸ್ನಿಯಾ ಅದನ್ನು ದೀಪಕ್ಕೆ ಹಿಡಿದು ನೋಡಿದ. ಹೆಣಿಗೆ ಅಪ್ಪಟ. ಉಣ್ಣೆ ಅದಕ್ಕಿಂತ ಅಪ್ಪಟ. ಮೇಲೆ ಹೊಳೆಪ್ಯಾಂಟು ಇರುವಾಗ ಇದನ್ನು ಯಾರು ನೋಡುತ್ತಾರೆ ಎಂದು ಧೈರ್ಯ ತಂದುಕೊಂಡು ತೊಟ್ಟ. ಶಾಹಾ ಹೊಸ ಪ್ಯಾಂಟಿನ ಹೆಗಲಪಟ್ಟಿ ಸರಿಪಡಿಸುತ್ತಾ ಅದರ ಬಕಲ್ಲನ್ನು ಉಗುರಿನಿಂದ ಕುಟ್ಟಿ ನೋಡಿದಳು.

"ಇದು ಬಿಸ್ಕತ್ತಿದ್ದ ಹಾಗಿದೆ ಅಳಿಯಾ. ಚಳಿಗೆ ಪಟ್ ಅನ್ನುತ್ತೆ. ತೆಗಿ, ಎರಡು ಎಲುಬಿನ ಗುಂಡಿ ಹಾಕಿಕೊಡ್ತೀನಿ, ಐದೇ ನಿಮಿಷ."

ಇಲ್ಲಿ ಹುಸ್ನಿಯಾನ ಮನಸ್ಸಿಗೆ ನೋವಾಯಿತು. ಮೂವತ್ತು ವರ್ಷದಿಂದ ಊರಿಗೆಲ್ಲ ಬಟ್ಟೆ ಹೊಲಿದವನಿಗೆ ಗುಂಡಿಯ ಪಾಠ!

"ಅತ್ತೆ, ಟೈಲರ್ ನಾನು," ಎಂದು ಹೇಳಿ ಹೊರಟುಬಿಟ್ಟ.

ಮನೆಯಿಂದ ಹಳೇ ಗಿರಣಿಯ ಮಡುವಿಗೆ ಅರ್ಧ ಗಂಟೆಯ ದಾರಿ. ಆ ದಿನ ಅದಕ್ಕೆ ನಾಲ್ಕು ಗಂಟೆ ಹಿಡಿಯಿತು. ಹೊಸದು ತೊಟ್ಟವನಿಗೆ ಒಳ್ಳೆಯದಾಗಲಿ ಎಂದು ಹರಸದೆ ಬಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹರಸಿದವರಿಗೆ ಕಾಫಿ ಕುಡಿಸದೆ ಮುಂದೆ ಹೋಗುವುದಂತೂ ಮರ್ಯಾದೆಯೇ ಅಲ್ಲ. ಎದೆಮಟ್ಟದ ಪ್ಯಾಂಟು ತೊಟ್ಟು ಬೀದಿಯಲ್ಲಿ ನಡೆಯುವವನಿಗೆ ಬಚ್ಚಿಟ್ಟುಕೊಳ್ಳುವ ಜಾಗವೂ ಇರಲಿಲ್ಲ. ಬೇಕರಿಯವನು ಹರಸಿದ, ಕ್ಷೌರದವನು ಹರಸಿದ, ಹಿಂದಿನ ದಿನ ಸತ್ತವರ ಮನೆಯಿಂದ ಬರುತ್ತಿದ್ದ ಇಮಾಮರೂ ನಿಂತು ಬಟ್ಟೆ ಮುಟ್ಟಿ ನೋಡಿ ಹರಸಿದರು. ಸೇತುವೆಯ ಪಕ್ಕದ ಕಾಫಿ ಅಂಗಡಿಯಲ್ಲಿ ಹುಸ್ನಿಯಾ ನಾಲ್ಕು ಸಲ ಕೂತು ನಾಲ್ಕು ಸಲ ಎದ್ದ. ಹೊಳೆಪ್ಯಾಂಟು ತೊಟ್ಟವನಿಗೆ ನಾಲ್ಕು ಕಾಫಿಯ ಕಷ್ಟ ಏನೆಂದು ತೊಟ್ಟವನೇ ಬಲ್ಲ.

ಸೇತುವೆಯ ಕೆಳಗೆ ರಾಗಿಬ್ ತನ್ನ ರಬ್ಬರ್ ಹೊಳೆಪ್ಯಾಂಟಿನಲ್ಲಿ ಆಗಲೇ ಗಾಳ ಹಾಕುತ್ತಿದ್ದ. "ಉಸಿರು ಹೇಗಿದೆ?" ಎಂದು ಕೂಗಿದ. "ನಿಂದಲ್ಲ, ಪ್ಯಾಂಟಿಂದು!"

ಅಂತೂ ಎರಡೂವರೆಗೆ ಹುಸ್ನಿಯಾ ಮಡುವಿಗಿಳಿದ. ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಗಾಳದ ಕೋಲಿನ ಉಂಗುರಗಳಲ್ಲಿ ಹಿಮ ಕಟ್ಟುತ್ತಿತ್ತು. ಅದನ್ನು ಬೆರಳಿನಿಂದ ಕೆರೆಯುತ್ತಾ, ಮತ್ತೆ ಬೀಸುತ್ತಾ, ಸೊಂಟದವರೆಗಿನ ನೀರಿನಲ್ಲಿ ನಿಂತ. ಅರ್ಧ ಗಂಟೆಯಾಯಿತು. ಹಲ್ಲು ಕಟಕಟಿಸಲಿಲ್ಲ. ಒಂದು ಗಂಟೆಯಾಯಿತು. ತೊಡೆಯ ಬಳಿ ಉಣ್ಣೆ ಒಣಗಿದ್ದ ಹಾಗೇ ಇತ್ತು. ಅವನ ಕಣ್ಣಲ್ಲಿ ನೀರು ಬಂತಂತೆ, ಆಮೇಲೆ ಅವನೇ ಹೇಳಿದ. ಜೀವನದಲ್ಲಿ ಒಂದು ಸಲವಾದರೂ ತಾನು ಅಳೆದು ನೋಡಿ ಆರಿಸಿದ್ದು ಸರಿಹೋಯಿತು ಎನ್ನುವ ಸುಖ ಅದು.

ನಾಲ್ಕು ಗಂಟೆಗೆ ಮೀನು ಕಚ್ಚಿತು.

ಮೊದಲು ಬಂಡೆಗೆ ಸಿಕ್ಕಿತೇನೋ ಅಂದುಕೊಂಡ. ಆಮೇಲೆ ಬಂಡೆ ನಡೆಯತೊಡಗಿತು. ಮುಕ್ಕಾಲು ಗಂಟೆ ಅದು ಅವನನ್ನು ಮಡುವಿನ ಈ ತುದಿಯಿಂದ ಆ ತುದಿಗೆ ಎಳೆದಾಡಿತು. ಅವನು ಬಿಡಲಿಲ್ಲ, ದುಡುಕಲೂ ಇಲ್ಲ. ನೂಲು ಹರಿಯದಂತೆ ಹಳೆಯ ರೇಷ್ಮೆ ಬಿಚ್ಚುವವನ ತಾಳ್ಮೆ ಅವನದು. ಕೊನೆಗೆ ತಾಮ್ರದ ಬಣ್ಣದ ಆ ದೊಡ್ಡ ಪ್ರಾಣಿ ದಂಡೆಯ ಪಕ್ಕದ ಮಂಡಿಮಟ್ಟದ ನೀರಿಗೆ ಬಂದು ಒರಗಿತು. ಅವನು ಗಾಳ ಬಿಡಿಸಿ, ಕೊರಳಿನ ಟೇಪು ಇಟ್ಟು ನೋಡಿದ. ನೂರ ನಾಲ್ಕು ಸೆಂಟಿಮೀಟರ್. ಮತ್ತೊಮ್ಮೆ ಇಟ್ಟ. ನೂರ ನಾಲ್ಕೇ.

ಆದರೆ ಟೈಲರನ ಟೇಪಿಗೆ ಸಂಘದಲ್ಲಿ ಬೆಲೆಯಿಲ್ಲ. ಎರಡು ವರ್ಷದ ಹಿಂದೆ ಒಂದೇ ಮೀನಿನ ಮೇಲೆ ಇಬ್ಬರು ಹಕ್ಕು ಸಾಧಿಸಿ, ಸಂಘ ಒಡೆಯುವಷ್ಟು ಜಗಳವಾಗಿತ್ತು. ಆಗ ಏಳನೆಯ ನಿಯಮವನ್ನು ಬರೆದವನು ಹುಸ್ನಿಯಾನೇ: 'ಕಾರ್ಯದರ್ಶಿಯ ಟೇಪು ಇಡುವಾಗ ಮೀನು ಜೀವಂತವಾಗಿರಬೇಕು. ಆ ಗಳಿಗೆಯಲ್ಲಿ ಅದು ಯಾರ ಕೈಯಲ್ಲಿದೆಯೋ ಮೀನು ಅವರದು. ಇದರ ಮೇಲೆ ವಾದವಿಲ್ಲ.' ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಟೈಲರನ ಕತ್ತರಿಯಷ್ಟೇ ಚೊಕ್ಕ ಎಂದು ಹೊಗಳಿದ್ದರು.

ಹುಸ್ನಿಯಾ ಒಂದು ಕೈಯಲ್ಲಿ ಮೀನಿನ ಬಾಲ ಹಿಡಿದು ಇನ್ನೊಂದರಲ್ಲಿ ಕಾರ್ಯದರ್ಶಿ ಎಶೆಫ್ ಮೇಷ್ಟ್ರಿಗೆ ಫೋನ್ ಮಾಡಿದ. ಮೇಷ್ಟ್ರು ನಿವೃತ್ತ ಗಣಿತದವರು. ಆಗಷ್ಟೇ ಊಟಕ್ಕೆ, ಮಾಂಸದ ಹೂರಣ ತುಂಬಿ ಬೇಯಿಸಿದ ಪಿತಾದ ಮುಂದೆ, ಕೂತಿದ್ದರು.

"ಮೇಷ್ಟ್ರೇ, ನೂರ ನಾಲ್ಕು! ಗಿರಣಿ ಮಡು! ಬೇಗ ಬನ್ನಿ!"

"ಬರ್ತೀನಪ್ಪ. ತಟ್ಟೇಲಿ ಪಿತಾ ಇದೆ, ಬಿಸಿಯಾಗಿದೆ. ಮುಕ್ಕಾಲು ಗಂಟೆ. ಮೀನು ಜೀವಂತ ಇರ್ಬೇಕು, ಗೊತ್ತಲ್ಲ? ನೀನೇ ಬರೆದ ನಿಯಮ."

"ಮುಕ್ಕಾಲು ಗಂಟೆ ಇದನ್ನ ಎಲ್ಲಿಡ್ಲಿ? ಕೈ ಮರಗಟ್ಟಿದೆ. ಬುಟ್ಟಿ ಇಲ್ಲ, ಬಲೆ ಇಲ್ಲ..."

"ಪ್ಯಾಂಟು ಉಸಿರಾಡುತ್ತೆ ಅಂತ ಬೆಳಿಗ್ಗೆಯಿಂದ ಹೇಳ್ಕೊಂಡು ತಿರುಗ್ತಿದೀಯಲ್ಲ, ಅದರೊಳಗೇ ಇಡು. ಮೀನೂ ಉಸಿರಾಡಿಕೊಂಡಿರುತ್ತೆ," ಎಂದು ಮೇಷ್ಟ್ರು ನಕ್ಕು ಫೋನಿಟ್ಟರು.

ಅವರು ತಮಾಷೆಗೆ ಹೇಳಿದ್ದು. ಹುಸ್ನಿಯಾ ತಮಾಷೆಗೆ ತೆಗೆದುಕೊಳ್ಳಲಿಲ್ಲ. ನೀರನ್ನು ಹೊರಗಿಡುವ ಬಟ್ಟೆ ನೀರನ್ನು ಒಳಗೂ ಇಟ್ಟುಕೊಳ್ಳುತ್ತದೆ, ಇದು ಅವನ ಲೆಕ್ಕ. ಮೀನನ್ನು ಮಂಡಿಗಳ ನಡುವೆ ಒತ್ತಿಹಿಡಿದುಕೊಂಡೇ ಬೂಟು ಕಳಚಿದ, ಪ್ಯಾಂಟು ಕಳಚಿದ, ಮತ್ತೆ ಬೂಟು ಹಾಕಿಕೊಂಡ. ಅದನ್ನು ಹೇಗೆ ಸಾಧಿಸಿದ ಎಂದು ಸಂಘದಲ್ಲಿ ಇಂದಿಗೂ ಚರ್ಚೆ ನಡೆಯುತ್ತದೆ. ಪ್ಯಾಂಟಿನ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು ನೀರು ತುಂಬಿಸಿದ. ಮೀನಿಗೆ ಉಸಿರಾಡಲು ತಲೆ ಪ್ಯಾಂಟಿನ ಹೊರಗೆ, ಹರಿಯುವ ನೀರಿನಲ್ಲಿ ಇರಬೇಕು, ಹಾಗಾಗಿ ಬಾಲದ ಕಡೆಯಿಂದ ಎಡಗಾಲಿನೊಳಗೆ ಇಳಿಸಿದ. ಎರಡು ಸೈಜು ದೊಡ್ಡದಾದದ್ದರಿಂದ ಸಲೀಸಾಗಿ ಇಳಿಯಿತು.

ಇನ್ನು ಬೆಲ್ಟು ಕಟ್ಟಬೇಕು. ಮೀನಿನ ಸೊಂಟ ಯಾವುದು? ಊರಿನ ಎಲ್ಲ ಡೊಳ್ಳುಹೊಟ್ಟೆಗಳಲ್ಲೂ ಸೊಂಟ ಹುಡುಕಿ ಕೊಟ್ಟ ಅನುಭವ ಅವನದು. ಎದೆಯ ರೆಕ್ಕೆಗಳ ಹಿಂದೆ ಎರಡು ಬೆರಳು ಬಿಟ್ಟು, ಉಸಿರು ಕಟ್ಟದ ಹಾಗೆ, ಜಾರದ ಹಾಗೆ ಬಿಗಿದ. ಹೆಗಲಪಟ್ಟಿಗಳನ್ನು ದಂಡೆಯ ಮರದ ಬೇರಿಗೆ ಸುತ್ತಿ ಬಕಲ್ಲು ಹಾಕಿದ. ಮ್ಲಾದಿತ್ಸಾ ಪ್ಯಾಂಟು ತೊಟ್ಟುಕೊಂಡು, ಎದೆಯ ಮೇಲಿಂದ ಮುಖ ಹೊರಗೆ ಹಾಕಿ, ಬಾಯಿ ತೆರೆಯುತ್ತಾ ಮುಚ್ಚುತ್ತಾ ಮಲಗಿತು. ಅದಕ್ಕೆ ಅಳತೆ ಚೆನ್ನಾಗಿ ಕೂತಿತ್ತು.

ಹುಸ್ನಿಯಾ ದಂಡೆ ಹತ್ತಿ, ಕೆಂಪು ಹಳದಿ ಹಸಿರು ಉಣ್ಣೆಯಲ್ಲಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಣಿಯುತ್ತಾ ಕಾದ. ಹತ್ತು ನಿಮಿಷ. ಇಪ್ಪತ್ತು. ಗೋಡೆಯ ಮೇಲಿನ ತನ್ನ ಫೋಟೋ ಅವನಿಗೆ ಕಾಣತೊಡಗಿತು. ಯಾವ ಕಡೆಗೆ ಮುಖ ತಿರುಗಿಸಿದರೆ ಚೆಂದ ಎಂದೂ ಯೋಚಿಸಿದ.

ಆಗ 'ಪಟ್' ಅಂದಿತು.

ಬಿಸ್ಕತ್ತು ಮುರಿದ ಸದ್ದು ಅದೇ. ತಯಾರಿಸಿದವರು ಉಳಿತಾಯ ಮಾಡಿದ್ದು ಎಲ್ಲಿ ಎಂದು ಹುಸ್ನಿಯಾನಿಗೆ ತಿಳಿಯುವಷ್ಟರಲ್ಲಿ ಬೇರಿನಿಂದ ಪಟ್ಟಿ ಜಾರಿತ್ತು. ಮೀನು ಮೈ ಕೊಡವಿತು. ಪ್ಯಾಂಟು ಹರಿವಿಗೆ ಸಿಕ್ಕಿತು. ಮೀನಿಲ್ಲದ ಬಲಗಾಲಿನ ತುದಿಯಲ್ಲಿ ಗಾಳಿ ಸಿಕ್ಕಿಕೊಂಡು ಅದು ನೀರಿನ ಮೇಲೆ ನೆಟ್ಟಗೆ ಎದ್ದು ನಿಂತಿತು. ಹಾಗೇ ಎರಡೂ ಊರಿನ ಕಡೆಗೆ ಹೊರಟವು.

"ನಿಲ್ಲು!" ಎಂದ ಹುಸ್ನಿಯಾ. ಪ್ಯಾಂಟಿಗೆ ಹೇಳಿದನೋ ಮೀನಿಗೆ ಹೇಳಿದನೋ, ಯಾವುದೂ ನಿಲ್ಲಲಿಲ್ಲ.

ಅವನು ದಂಡೆಯ ದಾರಿಯಲ್ಲಿ ಹಿಮ ತುಳಿಯುತ್ತಾ ಓಡಿದ. ಊರಿನ ಹೊಳೆಬದಿಯ ಕಿಟಕಿಗಳು ಒಂದಾದಮೇಲೊಂದು ತೆರೆದುಕೊಂಡವು, ಸುಳಿಗಾಳಿಯ ಭಯವನ್ನೂ ಮರೆತು. "ಹುಸ್ನಿಯಾ ಮಾರಾಯ, ಏನಾಯ್ತೋ?" "ಯಾರ ಮನೆಯಿಂದ ಓಡಿ ಬರ್ತಿದೀಯೋ?" "ಆ ಹೆಣಿಗೆ ಯಾರದು, ಚೆನ್ನಾಗಿದೆಯಲ್ಲ?" ಅವನ ಮನೆಯ ಕಿಟಕಿಯಿಂದ ಶಾಹಾ ಕೂಗಿದಳು: "ಕಿಡ್ನಿ ಮುಚ್ಕೋ! ಮೇಲೆ ಎಳ್ಕೋ ಪಟ್ಟೀನ!" ಅವನು ಓಡುತ್ತಲೇ ಎಳೆದುಕೊಂಡ.

ಸೇತುವೆಯ ಕೆಳಗೆ ರಾಗಿಬ್ ತಲೆ ಎತ್ತಿದಾಗ ಕಂಡದ್ದು ಇಷ್ಟೇ: ಬೆಳಿಗ್ಗೆ ತಾನು ಆಡಿಕೊಂಡ ಹೊಳೆಪ್ಯಾಂಟು ತೇಲಿ ಬರುತ್ತಿದೆ. ಒಂದು ಕಾಲು ಮೇಲಕ್ಕೆದ್ದಿದೆ. ಉಳಿದದ್ದು ನೀರಿನ ಕೆಳಗಿದೆ. ಒಳಗೆ ಭಾರವಿದೆ.

"ಅಯ್ಯೋ! ನಮ್ಮ ಹುಸ್ನಿಯಾ ಹೋದ!"

ರಾಗಿಬ್ ಕೋಲು ಬಿಸಾಡಿದ. ನಲವತ್ತು ವರ್ಷ ಹಳೆಯ ಕೋಲು, ಅವನು ಹೆಂಡತಿಗೂ ಮುಟ್ಟಲು ಕೊಟ್ಟವನಲ್ಲ. ಈಜು ಬಾರದ ಮನುಷ್ಯ ಎದೆಮಟ್ಟದ ನೀರಿಗೆ ನುಗ್ಗಿ, ತನ್ನ ರಬ್ಬರಿನೊಳಗೆ ಸಾನಾ ನುಗ್ಗುತ್ತಿದ್ದರೂ ಲೆಕ್ಕಿಸದೆ, ಆ ಪ್ಯಾಂಟನ್ನು ಎರಡೂ ತೋಳುಗಳಿಂದ ಅಪ್ಪಿ ಹಿಡಿದ. ಅಳುತ್ತಾ ದಂಡೆಯ ಕಡೆಗೆ ಎಳೆದ. "ಬೆಳಿಗ್ಗೆ ನಕ್ಕುಬಿಟ್ಟೆನಲ್ಲೋ, ಕ್ಷಮಿಸೋ ಹುಸ್ನಿಯಾ, ಒಳ್ಳೇ ಪ್ಯಾಂಟು ಕಣೋ, ತುಂಬಾ ಒಳ್ಳೇ ಪ್ಯಾಂಟು..." ಇದನ್ನು ನಾನು ಸೇತುವೆಯ ಮೇಲಿಂದ ನನ್ನ ಕಿವಿಯಾರೆ ಕೇಳಿದ್ದೇನೆ. ರಾಗಿಬ್ ಈಗ ಅಲ್ಲಗಳೆಯುತ್ತಾನೆ. ಅಲ್ಲಗಳೆಯಲಿ, ಆ ಹೊತ್ತಿನಲ್ಲಿ ನಮ್ಮ ಊರಿನಲ್ಲಿ ಅವನಿಗಿಂತ ದೊಡ್ಡ ಮನುಷ್ಯ ಇರಲಿಲ್ಲ.

ಎದೆಯ ಬಳಿ ಬಟ್ಟೆ ಸರಿಸಿ ಗೆಳೆಯನ ಮುಖ ನೋಡಿದ. ಗೆಳೆಯನ ಮುಖ ಬಹಳ ಬದಲಾಗಿತ್ತು. ಅದು ಬಾಯಿ ತೆರೆದು, ತಲೆಯನ್ನೊಮ್ಮೆ ಬೀಸಿ ರಾಗಿಬ್‌ನ ಕೆನ್ನೆಗೆ ಬಾರಿಸಿತು.

ಅದೇ ಸಮಯಕ್ಕೆ ಎಶೆಫ್ ಮೇಷ್ಟ್ರು ಪಿತಾ ಮುಗಿಸಿ, ಮಡುವಿನ ಕಡೆಗೆ ಹೊರಟು ಸೇತುವೆಗೆ ಬಂದಿದ್ದರು. ತಾನು ಮಾರಿದ ಪ್ಯಾಂಟು ಹೇಗಿದೆಯೆಂದು ನೋಡಲು ವೆಜೀರಾ ಅಂಗಡಿ ಮುಚ್ಚಿ ಅವರ ಜೊತೆ ಬಂದಿದ್ದಳು. ಮೇಷ್ಟ್ರು ಮೆಟ್ಟಿಲಿಳಿದರು. ಮೂವತ್ತೆಂಟು ವರ್ಷ ಗಣಿತ ಕಲಿಸಿದವರು, ಮೊದಲು ಅಳೆಯುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ಬೆಲ್ಟು ಸಡಿಲಿಸಿದರು, ರಾಗಿಬ್‌ನ ತೋಳಿನಲ್ಲಿದ್ದ ಮೀನಿನ ಬಾಲದ ತನಕ ಪ್ಯಾಂಟಿನೊಳಗೇ ಟೇಪು ಇಳಿಸಿ ಅಳೆದರು.

"ನೂರ ನಾಲ್ಕು. ಜೀವಂತ. ರಾಗಿಬ್‌ನ ಕೈಯಲ್ಲಿ," ಎಂದು ಹೇಳುತ್ತಾ ಸಂಘದ ಪುಸ್ತಕದಲ್ಲಿ ಬರೆದರು. ವೆಜೀರಾ ಫೋನ್ ಎತ್ತಿ ಫೋಟೋ ತೆಗೆದಳು. ಆಮೇಲೆ ಪ್ಯಾಂಟು ಕಳಚಿ ಮೀನನ್ನು ನೀರಿಗೆ ಬಿಟ್ಟರು. ಅದು ಅವಸರವೇನೂ ಇಲ್ಲದೆ, ಪ್ಯಾಂಟಿನ ಕಡೆಗೊಮ್ಮೆ ತಿರುಗಿ ಹೋಯಿತು.

ಹುಸ್ನಿಯಾ ಏದುಸಿರು ಬಿಡುತ್ತಾ ಬಂದು ತಲುಪಿದಾಗ ಮಸಿ ಒಣಗಿತ್ತು.

ಅವನನ್ನು ಕಂಡು ರಾಗಿಬ್ ಎದ್ದು ಓಡಿಬಂದು ತಬ್ಬಿಕೊಂಡ. ಆಮೇಲೆ ಅವನ ಒಳಚಡ್ಡಿ ನೋಡಿದ. ನಗಲಿಲ್ಲ. ಅದು ಅವನಿಗೆ ಎಷ್ಟು ಕಷ್ಟವಾಗಿರಬೇಕು.

"ಮೇಷ್ಟ್ರೇ, ಮೀನು ಇವಂದು," ಎಂದ ರಾಗಿಬ್. "ಪ್ಯಾಂಟೂ ಇವಂದೇ."

"ಪ್ಯಾಂಟಿಗೆ ನಿಯಮ ಇಲ್ಲ, ಯಾರದ್ದಾದ್ರೂ ಆಗ್ಲಿ," ಎಂದರು ಮೇಷ್ಟ್ರು. "ಮೀನಿಗೆ ಇದೆ. ಏಳನೇದು." ಪುಸ್ತಕದ ಮೊದಲ ಹಾಳೆ ತಿರುಗಿಸಿ ಗಟ್ಟಿಯಾಗಿ ಓದಿದರು. "ಇದರ ಮೇಲೆ ವಾದವಿಲ್ಲ. ಬರೆದೋರು ಯಾರು?"

ಹುಸ್ನಿಯಾ ಒಳಚಡ್ಡಿಯ ಪಟ್ಟಿಯನ್ನು ಮೇಲಕ್ಕೆಳೆದುಕೊಂಡ.

"ನಾನೇ," ಎಂದ ಹುಸ್ನಿಯಾ.

"ಚೊಕ್ಕವಾಗಿ ಬರೆದಿದೀಯ," ಎಂದರು ಮೇಷ್ಟ್ರು. ಅವರು ಮನಸಾರೆ ಮೆಚ್ಚಿಯೇ ಹೇಳಿದ್ದು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಸುತ್ತ ನಿಂತವರು ಲೊಚಗುಟ್ಟಿದರು. ಶಾಹಾ ಬಂದು ಅಳಿಯನ ಸೊಂಟಕ್ಕೆ ಶಾಲು ಸುತ್ತಿದಳು, "ಎಲುಬಿನ ಗುಂಡಿ" ಎಂದಷ್ಟೇ ಹೇಳಿದಳು. ವೆಜೀರಾ ಪ್ಯಾಂಟನ್ನು ಎತ್ತಿ ಹಿಡಿದಳು. ಒಳಗೆ ಇನ್ನೂ ಕಾಲು ತುಂಬ ನೀರು, ಹೊರಗೆ ಒಂದು ತೊಟ್ಟೂ ಜಿನುಗುತ್ತಿರಲಿಲ್ಲ. ಜನ ಸುತ್ತ ಬಂದು ಮುಟ್ಟಿ ಮುಟ್ಟಿ ನೋಡಿದರು. ಹನ್ನೆರಡು ಕಿಲೋ ಮೀನು ಒದ್ದಾಡಿದರೂ ಒಂದು ಹೊಲಿಗೆ ಬಿಟ್ಟಿಲ್ಲ. ರಾತ್ರಿಯೊಳಗೆ ಅಂಗಡಿಯಲ್ಲಿದ್ದ ಇನ್ನೂರ ಹತ್ತು ಮಾರ್ಕಿನವು ಎಲ್ಲವೂ ಖರ್ಚಾದವು. ಮೊದಲನೆಯದನ್ನು ಕೊಂಡವನು ರಾಗಿಬ್, ಎರಡು ಸೈಜು ದೊಡ್ಡದು. ಕೊಂಡವರೆಲ್ಲ ಬಕಲ್ಲು ತೆಗೆಸಿ ಗುಂಡಿ ಹಾಕಿಸಲು ಹುಸ್ನಿಯಾನ ಮನೆಯ ಮುಂದೆಯೇ ಸಾಲು ನಿಂತರು. ಕೇಳಿದ್ದು ಮಾತ್ರ ಶಾಹಾಳನ್ನು.

ಮರುದಿನ ಸಂಘದ ಗೋಡೆಗೆ ಹತ್ತನೆಯ ಫೋಟೋ ಬಂತು. ಅದರಲ್ಲಿ ರಾಗಿಬ್ ಕಣ್ಣೀರು ತುಂಬಿಕೊಂಡು ಮ್ಲಾದಿತ್ಸಾವನ್ನು ಎದೆಗೊತ್ತಿಕೊಂಡಿದ್ದಾನೆ. ಅದು ಮಂಡಿಗೆ ಎರಡು ಪದರವಿರುವ, ಒಳತೊಡೆಯಲ್ಲಿ ಹೊಲಿಗೆಯಿಲ್ಲದ ಪ್ಯಾಂಟು ತೊಟ್ಟಿದೆ. ಫೋಟೋ ತೂಗಿದ್ದು ಹುಸ್ನಿಯಾನ ಮೊಳೆಗೆ. ಗೋಡೆಯಲ್ಲಿ ಬೇರೆ ಮೊಳೆ ಇರಲಿಲ್ಲ. ಕೂಸಿಗಿಂತ ಮುಂಚೆ ಹೊಲಿಸಿದ ಕುಲಾವಿ ಹನ್ನೊಂದು ವರ್ಷ ಕಾದು ಪಕ್ಕದ ಮನೆಯ ಕೂಸಿಗೆ ಸರಿಹೋಯಿತು. ಹುಸ್ನಿಯಾ ಅದರ ಮುಂದೆ ಬಹಳ ಹೊತ್ತು ನಿಂತು, "ಪ್ಯಾಂಟು ಚೆನ್ನಾಗಿ ಕೂತಿದೆ," ಎಂದ.

ರಾಗಿಬ್ ಟೋಪಿ ಕೈಯಲ್ಲಿ ಹಿಡಿದು ಹಿಂದೆಯೇ ಸುಳಿದಾಡುತ್ತಿದ್ದ. ಏನೋ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಕ್ಷಮೆ ಕೇಳುತ್ತಾನೆಂದು ನಾವೆಲ್ಲ ಹತ್ತಿರ ಸರಿದೆವು.

"ಹುಸ್ನಿಯಾ," ಎಂದ ಕೊನೆಗೆ, "ನನ್ನ ಟೋಪಿಗೆ ಜಾಗ ಇಲ್ದಂಗಾಯ್ತಲ್ಲೋ. ಇನ್ನೊಂದು ಮೊಳೆ ಹೊಡೀತೀಯಾ?"

ಹುಸ್ನಿಯಾ ಅವನನ್ನು ನೋಡಿದ, ಗೋಡೆಯನ್ನು ನೋಡಿದ. ಆಮೇಲೆ ಮೇಷ್ಟ್ರ ಹತ್ತಿರ ಸುತ್ತಿಗೆ ಕೇಳಿದ. ಫೋಟೋದ ಪಕ್ಕದಲ್ಲಿ ಟೇಪು ಇಟ್ಟು ಅಳೆದು, ಒಂದು ಗುರುತು ಹಾಕಿ, ಈ ಸಲ ಸ್ವಲ್ಪ ದಪ್ಪದ ಮೊಳೆಯನ್ನೇ ಹೊಡೆದ.

"ಇದು ನನ್ನ ಫೋಟೋಗೆ," ಎಂದ. "ಮುಂದಿನ ಚಳಿಗಾಲಕ್ಕೆ."

"ಆಯ್ತು ಮಾರಾಯ, ನಿಂದೇ," ಎಂದ ರಾಗಿಬ್, ಟೋಪಿಯನ್ನು ಅದಕ್ಕೆ ನೇತುಹಾಕುತ್ತಾ.